ಜೊತೆಗೊಬ್ಬರು ಇರಬೇಕು

ಧಾರವಾಡ

ನನ್ನ ಪ್ರೀತಿಯ ಪುಟ್ಟವ್ವಾ,

ನಿನ್ನ ಉದ್ದನೆಯ ಮೆಸೇಜು ಓದಿದೆ. ನಸುಕಿನಲ್ಲಿ ಗುರುತಿಲ್ಲದ ಇಬ್ಬರು ಬಂದು ನಿನ್ನ ಗೆಳತಿಯನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸಿಕೊಂಡು ಹೋದರು, ಅವರಿಗೆ ಬಾಗಿಲು ತೆಗೆದವರು ಅವಳ ಅಪ್ಪ-ಅಮ್ಮನೇ, ಈಗ ಅವಳು ಮಿಸೌರಿಯ ಇನ್ನೊಂದು ಮೂಲೆಯಲ್ಲಿ ಹದಿಹರೆಯದವರಿಗಾಗಿ ನಡೆಸುವ ಒಂದು ಕ್ರೈಸ್ತ ವಸತಿ ಚಿಕಿತ್ಸಾ ಕೇಂದ್ರದಲ್ಲಿದ್ದಾಳೆ, ಕೈಯಲ್ಲಿ ಫೋನಿಲ್ಲ ಎಂದು ಬರೆದಿದ್ದೀ. ಅವಳ ಮನೆಯವರಿಗೆ ಅವಳ ಮೇಲೆ ನಿಜವಾಗಿ ಪ್ರೀತಿ ಇದೆಯಾ ಅಜ್ಜಿ, ಅಂತ ಕೇಳಿದ್ದೀ. ಇನ್ನು ಮೇಲೆ ಭಾನುವಾರದ ಯೌವನಸ್ಥರ ಕೂಟಕ್ಕೆ ಹೋಗುವುದಿಲ್ಲ ಅಂತಲೂ ಕೊನೆಗೆ ಸೇರಿಸಿದ್ದೀ. ಇದಕ್ಕೆಲ್ಲ ವಾಟ್ಸಾಪಿನಲ್ಲಿ ಉತ್ತರ ಬರೆಯಲು ನನ್ನ ಹೆಬ್ಬೆರಳು ಒಪ್ಪಲಿಲ್ಲ. ಕನ್ನಡ ತರಗತಿಯಲ್ಲಿ ಕಲಿತ ಅಕ್ಷರಗಳನ್ನು ನೆನಪಿಸಿಕೊಂಡು ನಿಧಾನವಾಗಿ ಓದು. ತಿಳಿಯದ ಕಡೆ ನಿಮ್ಮವ್ವನನ್ನು ಕೇಳು. ಅವಳೂ ಓದಲಿ ಅಂತಲೇ ಬರೆದ ಸಾಲುಗಳು ಇದರಲ್ಲಿವೆ.

ಪ್ರೀತಿ ಇದೆ, ಪುಟ್ಟಿ. ಅದರಲ್ಲಿ ಅನುಮಾನ ಬೇಡ. ಮಾನಸಿಕ ಆರೋಗ್ಯದ ವಾರ್ಡುಗಳಲ್ಲಿ ನರ್ಸಾಗಿ ತಲೆ ನರೆಸಿಕೊಂಡವಳು ನಾನು. ಮಗಳ ಸ್ಕೂಲ್ ಬ್ಯಾಗಿನಲ್ಲಿ ಗುಳಿಗೆ ಸಿಕ್ಕ ರಾತ್ರಿ ಒಬ್ಬ ತಾಯಿಗೆ ಏನಾಗುತ್ತದೆಂದು ನನಗೆ ಗೊತ್ತು. ಬಾತ್‌ರೂಮಿನ ಬಾಗಿಲು ಹಾಕಿದ ಸದ್ದಾದರೆ ಎದ್ದು ಕೂರುತ್ತಾಳೆ. ಮಗಳು ಮಲಗಿದ ಮೇಲೆ ಹೋಗಿ ಉಸಿರಾಡುತ್ತಿದ್ದಾಳಾ ಎಂದು ನೋಡುತ್ತಾಳೆ. ಅಡಿಗೆಮನೆಯ ಚಾಕು ಎಣಿಸುತ್ತಾಳೆ. ಅದರಲ್ಲೂ ನಿಮ್ಮ ದೇಶದಲ್ಲಿ ಈಗ ನಕಲಿ ಗುಳಿಗೆಗಳಲ್ಲಿ ಫೆಂಟಾನಿಲ್ ಸೇರಿಕೊಂಡು ಬರುತ್ತದೆ, ಒಂದೇ ಗುಳಿಗೆಗೆ ಮಕ್ಕಳು ಸತ್ತ ಸುದ್ದಿ ಇಲ್ಲಿಯ ಪೇಪರಿನಲ್ಲೂ ಓದುತ್ತೇವೆ. ನಿನ್ನ ಗೆಳತಿಯ ತೋಳಿನ ಗೀರುಗಳನ್ನು ನೀನೇ ಕಂಡಿದ್ದೀಯಲ್ಲ. ನಿನಗೆ ಗೊತ್ತಿದ್ದದ್ದರಲ್ಲಿ ಅರ್ಧವಷ್ಟೇ ಅವಳ ತಾಯಿಗೆ ಗೊತ್ತಿದ್ದೀತು. ಆ ಅರ್ಧಕ್ಕೇ ಆಕೆ ಹೆದರಿ ಸತ್ತಿರುತ್ತಾಳೆ.

ಅಂಥ ರಾತ್ರಿಯಲ್ಲಿ ಆಕೆ ಕಂಪ್ಯೂಟರಿನ ಮುಂದೆ ಕೂತಳು ಅಂದುಕೊ. ಸರ್ಕಾರಿ ಆಸ್ಪತ್ರೆಗೆ, ಮಕ್ಕಳ ಮನೋವೈದ್ಯರಿಗೆ ಫೋನು ಮಾಡಿದರೆ ತಿಂಗಳು ಬಿಟ್ಟು ಬನ್ನಿ ಅನ್ನುತ್ತಾರೆ. ಇಂಥ ಕೇಂದ್ರಗಳ ಫೋನು ಮಾತ್ರ ಒಂದೇ ರಿಂಗಿಗೆ ಎತ್ತುತ್ತದೆ. ಆ ಕಡೆಯ ದನಿ ಮೆತ್ತಗಿರುತ್ತದೆ, ನಿಮ್ಮ ಜೊತೆ ಈಗಲೇ ಪ್ರಾರ್ಥನೆ ಮಾಡಲೇ ಎಂದು ಕೇಳುತ್ತದೆ. ಚಿತ್ರಗಳಲ್ಲಿ ಕುದುರೆಗಳು, ಹಸಿರು ಗುಡ್ಡ, ಬೈಬಲ್ ಹಿಡಿದು ನಗುವ ಹುಡುಗಿಯರು. ಒಂದೇ ಹಾಸಿಗೆ ಉಳಿದಿದೆ. ತಿಂಗಳಿಗೆ ಸಾವಿರಾರು ಡಾಲರು. ಮನೆ ಅಡವಿಟ್ಟು ಕೊಡುವವರಿದ್ದಾರೆ. ಆಮೇಲೆ ಬರುತ್ತವೆ ನೋಡು, ನನ್ನ ಮೈ ಉರಿಸುವ ಎರಡು ಮಾತು. ಮಗಳಿಗೆ ಮೊದಲೇ ಹೇಳಬೇಡಿ, ಓಡಿಹೋಗುತ್ತಾಳೆ, ನಮ್ಮವರೇ ಬಂದು ಕರೆದೊಯ್ಯುತ್ತಾರೆ ಎನ್ನುವುದು ಒಂದು. ಇದಕ್ಕೆ ಅವರ ಭಾಷೆಯಲ್ಲಿ ಟ್ರಾನ್ಸ್‌ಪೋರ್ಟ್, ಆ ದಾರಿಯಲ್ಲಿ ಹೋಗಿ ಬಂದ ಮಕ್ಕಳ ಬಾಯಲ್ಲಿ ಗೂನಿಂಗ್. ಅಲ್ಲಿಂದ ನಿಮ್ಮ ಮಗಳು ಏನೇ ದೂರು ಬರೆದರೂ ನಂಬಬೇಡಿ, ಮನೆಗೆ ಬರಲು ಸುಳ್ಳು ಹೇಳುತ್ತಾಳೆ, ಎಲ್ಲ ಮಕ್ಕಳೂ ಮೊದಮೊದಲು ಹಾಗೇ ಎನ್ನುವುದು ಇನ್ನೊಂದು. ಎಲ್ಲ ಕಡೆ ಹೀಗೇ ಹೇಳುತ್ತಾರೆ ಅನ್ನಲಾರೆ. ಆದರೆ ಇಂಥ ಕೇಂದ್ರಗಳಿಂದ ಬಂದವರು ಬರೆದುಕೊಂಡದ್ದನ್ನು ಓದಿದರೆ ಈ ಎರಡು ಮಾತು ಮತ್ತೆ ಮತ್ತೆ ಎದುರಾಗುತ್ತವೆ. ಎರಡನೆಯ ಮಾತಿನಲ್ಲೇ ಅಪಾಯ ಹೆಚ್ಚು. ಮಗು ನಿಜ ಹೇಳಿದರೂ ತಾಯಿ ನಂಬದಂತೆ ಮೊದಲೇ ಏರ್ಪಾಟು ಮಾಡಿಟ್ಟ ಹಾಗೆ ಅದು.

ನಮ್ಮವರು ಇದನ್ನೋದಿ, ಅಮೆರಿಕದವರ ಮನೆಗಳೇ ಹೀಗೆ ಎಂದು ಮೂಗು ಮುರಿಯುವುದು ಬೇಡ. ಮಾತು ಕೇಳದಿದ್ದರೆ ಹಾಸ್ಟೆಲ್ಲಿಗೆ ಹಾಕ್ತೀನಿ ಎನ್ನುವ ಬೆದರಿಕೆ ಕೇಳದೆ ಧಾರವಾಡದಲ್ಲಿ ಯಾವ ಮಗು ಬೆಳೆದಿದೆ? ನಿಮ್ಮ ಕಡೆ ಅದೇ ಬೆದರಿಕೆ ವಿಮಾನ ಹತ್ತಿ, ಇಂಡಿಯಾಕ್ಕೆ ಕಳಿಸಿಬಿಡ್ತೀನಿ, ಅಜ್ಜಿ ಹತ್ರ ಇರು ಹೋಗು, ಆಗಿದೆ. ಹೋದ ವರ್ಷ ನಿನಗೂ ಒಂದು ಸಲ ಹಾಗೆ ಅಂದಳಂತೆ ನಿಮ್ಮವ್ವ. (ಮಗಳೇ, ಈ ಮನೆಯನ್ನು ಮಕ್ಕಳ ಜೈಲು ಮಾಡಬೇಡ. ಅವಳು ಬರುವುದಾದರೆ ಮಾವಿನಹಣ್ಣಿನ ಕಾಲಕ್ಕೆ ಬರಲಿ.) ಮಗು ಕೈಮೀರಿತು ಅನ್ನಿಸಿದಾಗ ಅದನ್ನು ಕಣ್ಣಿಂದ ದೂರ ಇಟ್ಟು, ರಿಪೇರಿಯಾಗಿ ಬರಲಿ ಎಂದು ಕಾಯುವ ಆಸೆ ಎಲ್ಲ ದೇಶದ ಅಪ್ಪ-ಅಮ್ಮಂದಿರದು.

ನಾನು ಕೆಲಸ ಕಲಿತದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಊರ ಹೊರಗೆ ಬಾಗಾಯಂನಲ್ಲಿರುವ ಅವರ ಮಾನಸಿಕ ಆರೋಗ್ಯ ಕೇಂದ್ರದಲ್ಲಿ. ಅದೂ ಕ್ರೈಸ್ತ ಸಂಸ್ಥೆಯೇ, ಅಲ್ಲೂ ರೋಗಿಗಳು ವಾರಗಟ್ಟಲೆ ಉಳಿದುಕೊಳ್ಳುವುದೇ. ಆದರೆ ರೋಗಿಯೊಬ್ಬರನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ. ಮನೆಯವರು ಯಾರಾದರೂ ಜೊತೆಗೆ ಉಳಿಯಲೇಬೇಕು. ಈ ಪದ್ಧತಿಗೆ ಅಮೃತಸರದ ಡಾ. ವಿದ್ಯಾಸಾಗರ್ ದಾರಿ ತೋರಿಸಿದ್ದರು. 1950ರ ದಶಕದಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆ ತುಂಬಿ ತುಳುಕುತ್ತಿದ್ದಾಗ ಅವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಅಲ್ಲೇ ಉಳಿಸಿಕೊಂಡರು. ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಗೆ ಮರಳಿದರು. ಅದೇ ದಶಕದ ಕೊನೆಯ ಹೊತ್ತಿಗೆ ವೆಲ್ಲೂರಿನವರೂ ಆ ದಾರಿ ಹಿಡಿದರು. ಮುಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಡೀ ಕುಟುಂಬವನ್ನೇ ದಾಖಲು ಮಾಡಿಕೊಳ್ಳುವ ವಾರ್ಡೇ ಆಯಿತು.

ಶುರುವಿನಲ್ಲಿ ನನಗೆ ಇದು ಹಿಡಿಸಿರಲಿಲ್ಲ. ವಾರ್ಡು ಅಂದರೆ ಶಿಸ್ತು ಎಂದುಕೊಂಡವಳು ನಾನು. ಇಲ್ಲಿ ನೋಡಿದರೆ ಹಾಸಿಗೆಯ ಪಕ್ಕ ಚಾಪೆ, ಚಾಪೆಯ ಮೇಲೆ ತಾಯಿ, ಕಿಟಕಿಯಲ್ಲಿ ಒಣಗುವ ಸೀರೆ, ಬಾಗಿಲಲ್ಲಿ ಸುಮ್ಮನೆ ನಿಂತ ಅಪ್ಪ. ಆದರೆ ಮಗುವನ್ನು ಅದರ ಮನೆಯವರ ನಡುವೆ ನೋಡಿದಾಗ ಕಾಣುವುದು ಒಂಟಿಯಾಗಿ ನೋಡಿದಾಗ ಕಾಣುವುದಿಲ್ಲ, ಪುಟ್ಟಿ. ದಿನವಿಡೀ ನಗುನಗುತ್ತ ಇದ್ದ ಹುಡುಗ ಅಪ್ಪ ಬರುವ ಹೊತ್ತಿಗೆ ಉಗುರು ಕಚ್ಚಲು ಶುರುಮಾಡುತ್ತಿದ್ದ. ಮಗಳು ಊಟ ಬಿಟ್ಟಳು ಎಂದು ಅಳುತ್ತ ಬಂದ ತಾಯಿ ತಾನೇ ಊಟ ಮಾಡುತ್ತಿರಲಿಲ್ಲ. ಎದುರುಬದುರು ಕೂತ ಗಂಡ-ಹೆಂಡತಿ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಮಗನ ಮೂಲಕವೇ ಹೇಳಿಸುತ್ತಿದ್ದರು. ಅಂಥ ಮನೆಯಲ್ಲಿ ಜ್ವರ ಒಬ್ಬರಿಗೆ ಕಾಣಿಸಿಕೊಂಡಿರುತ್ತದೆ ಅಷ್ಟೆ. ಡಾಕ್ಟರು ಮೂರು ಜನರನ್ನೂ ಕೂರಿಸಿ ಮಾತಾಡಿಸುವಾಗ ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಮಗನ ಔಷಧಿಗಿಂತ ಅಪ್ಪನ ಬಾಯಿಂದ ಹೊರಟ ಒಂದು ವಾಕ್ಯ ಹೆಚ್ಚು ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ಬಲವಂತದಿಂದ ಕರೆತಂದ ಮಕ್ಕಳೂ ಇದ್ದರು, ಒದ್ದಾಡುವವರ ಕೈ ನಾನೂ ಹಿಡಿದಿದ್ದೇನೆ. ಆದರೆ ಆ ಮಗು ಕಣ್ಣುಬಿಟ್ಟಾಗ ಎದುರಿಗೆ ಗುರುತಿನ ಒಂದು ಮುಖ ಇರುತ್ತಿತ್ತು.

ಮಗುವಿನ ಜೊತೆ ಮನೆಯವರು ಉಳಿಯುವುದು ಈಗ ನಮ್ಮಲ್ಲಿ ಕಾನೂನೇ ಆಗಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 87ನೇ ಕಲಮು ಹದಿನೆಂಟು ತುಂಬದವರನ್ನು ದಾಖಲಿಸಿಕೊಳ್ಳುವ ಬಗೆಗಿನದು. ತಜ್ಞರಿಬ್ಬರು ಬೇರೆಬೇರೆಯಾಗಿ ನೋಡಿ ಒಪ್ಪಬೇಕು, ದೊಡ್ಡವರ ವಾರ್ಡಿನಲ್ಲಿ ಇಡಕೂಡದು, ಮಗುವಿನ ಪಾಲಕರು ಅಥವಾ ಅವರು ಗೊತ್ತುಮಾಡಿದವರು ಅಷ್ಟೂ ದಿನ ಜೊತೆಯಲ್ಲೇ ಉಳಿಯಬೇಕು. ಹುಡುಗಿಯಾದರೆ ಜೊತೆಗಿರುವವರು ಹೆಂಗಸೇ ಆಗಿರಬೇಕು. 72 ಗಂಟೆಯೊಳಗೆ ಇದಕ್ಕೆಂದೇ ಇರುವ ಮಂಡಳಿಗೆ ವರದಿ ಹೋಗಬೇಕು. ಕಾಯಿದೆ ಇದ್ದ ಮಾತ್ರಕ್ಕೆ ಎಲ್ಲ ಕಡೆ ಹಾಗೇ ನಡೆಯುತ್ತದೆ ಅಂತ ನಾನು ಎದೆ ತಟ್ಟಿ ಹೇಳಲಾರೆ. ನಮ್ಮ ಕೆಲವು ವ್ಯಸನಮುಕ್ತಿ ಕೇಂದ್ರಗಳಿಗೂ ಹೊರಗಿನಿಂದ ಬೀಗ ಬೀಳುತ್ತದೆ. ಆದರೂ ಮಗುವಿನ ಜೊತೆಗೊಬ್ಬರು ಇರಬೇಕು ಎಂದು ಒಂದು ದೇಶ ಬರೆದಿಟ್ಟುಕೊಂಡಿದೆಯಲ್ಲ, ಅದು ಸಣ್ಣದಲ್ಲ.

ನಿನ್ನ ರಾಜ್ಯದ್ದು ವಿಚಿತ್ರ ಕತೆ. ಮಿಸೌರಿಯಲ್ಲಿ ಬೂನ್‌ವಿಲ್ ಎಂಬಲ್ಲಿ ತಪ್ಪು ಮಾಡಿದ ಹುಡುಗರನ್ನು ಕೂಡಿಹಾಕುವ ದೊಡ್ಡ ಸರ್ಕಾರಿ ಶಾಲೆಯೊಂದಿತ್ತು, 1889ರಿಂದ ನಡೆದುಬಂದದ್ದು, ಹೊಡೆತ ಬಡಿತಕ್ಕೆ ಹೆಸರಾದದ್ದು. 1983ರಲ್ಲಿ ಸರ್ಕಾರವೇ ಅದನ್ನು ಮುಚ್ಚಿತು. ಅದರ ಜಾಗಕ್ಕೆ ರಾಜ್ಯದ ಉದ್ದಗಲಕ್ಕೂ ಸಣ್ಣ ಸಣ್ಣ ಕೇಂದ್ರಗಳು ಬಂದವು. ಹತ್ತು-ಹನ್ನೆರಡು ಮಕ್ಕಳ ಗುಂಪು, ಮೈಮೇಲೆ ತಮ್ಮದೇ ಬಟ್ಟೆ, ಆದಷ್ಟೂ ಮನೆಗೆ ಹತ್ತಿರ, ಅಪ್ಪ-ಅಮ್ಮನಿಗೂ ಕೌನ್ಸೆಲಿಂಗ್. ದೇಶದ ಬೇರೆ ರಾಜ್ಯಗಳವರು ಬಂದು ನೋಡಿ ಕಲಿತು ಹೋದರು, ಮಿಸೌರಿ ಮಾದರಿ ಎಂದೇ ಅದಕ್ಕೆ ಹೆಸರಾಯಿತು. ಆದರೆ ಬೂನ್‌ವಿಲ್ ಶಾಲೆ ಮುಚ್ಚುವ ಒಂದೇ ವರ್ಷ ಮೊದಲು, 1982ರಲ್ಲಿ, ಧಾರ್ಮಿಕ ಸಂಸ್ಥೆಗಳು ನಡೆಸುವ ಮಕ್ಕಳ ವಸತಿಗಳಿಗೆ ಲೈಸೆನ್ಸೇ ಬೇಡ ಎಂದು ಅದೇ ರಾಜ್ಯ ಕಾನೂನು ಮಾಡಿತ್ತು. ಕಳ್ಳತನ ಮಾಡಿ ಕೋರ್ಟಿಗೆ ಹೋದ ಹುಡುಗನಿಗೆ ಸರ್ಕಾರದ ಕಣ್ಗಾವಲು ಸಿಕ್ಕಿತು. ಅಪ್ಪ-ಅಮ್ಮ ಪ್ರಾರ್ಥನೆ ಮಾಡಿ ದುಡ್ಡು ಕಟ್ಟಿ ಕಳಿಸಿದ ಹುಡುಗಿಗೆ ಅದೂ ಇಲ್ಲ.

ಲೈಸೆನ್ಸ್ ಬೇಡ ಎಂಬ ಹಟಕ್ಕೆ ಹಳೆಯ ಬೇರಿದೆ. ಟೆಕ್ಸಸ್ಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ಲೆಸ್ಟರ್ ರೋಲಾಫ್ ಎಂಬ ರೇಡಿಯೋ ಬೋಧಕರು ಅರವತ್ತರ ದಶಕದ ಕೊನೆಗೆ ರೆಬೆಕ್ಕಾ ಹೋಮ್ ಎಂದು ಹುಡುಗಿಯರ ಮನೆ ತೆರೆದರು. ಬೆಲ್ಟಿನಲ್ಲಿ ಬಾರಿಸುತ್ತಾರೆ, ಪೈಪಿಗೆ ಕೈಕೋಳ ಹಾಕಿ ಕಟ್ಟುತ್ತಾರೆ ಎಂದು ಅಲ್ಲಿದ್ದ ಹುಡುಗಿಯರು 1973ರಲ್ಲಿ ದೂರು ಕೊಟ್ಟರು. ಸರ್ಕಾರ ಲೈಸೆನ್ಸ್ ಕೇಳಿತು. ದೇವರ ಕೆಲಸಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ ಎಂದು ಅವರು ವರ್ಷಗಟ್ಟಲೆ ಕೋರ್ಟು ಹತ್ತಿ ಇಳಿದರು. 1979ರಲ್ಲಂತೂ ಅವರ ಬೆಂಬಲಕ್ಕೆ ಬಂದ ಪಾದ್ರಿಗಳು ಅಧಿಕಾರಿಗಳು ಒಳಗೆ ಬರದಂತೆ ಕೈಕೈ ಹಿಡಿದು ಚರ್ಚಿನ ಸುತ್ತ ನಿಂತರು. ಕೈಹಿಡಿದು ನಿಂತದ್ದು ಕಟ್ಟಡವನ್ನು ಕಾಯಲು. ಒಳಗಿದ್ದ ಹುಡುಗಿಯರ ಕಡೆ ಅವರೆಲ್ಲರ ಬೆನ್ನಿತ್ತು. ಈ ಸಂಗತಿ ನೆನೆದಾಗಲೆಲ್ಲ ಒಬ್ಬ ಕ್ರೈಸ್ತ ಹೆಂಗಸಾಗಿ ನನಗೆ ನಾಚಿಕೆಯಾಗುತ್ತದೆ.

ಇಂಥ ಕಡೆ ಏನಾಗಬಹುದು ಎಂಬುದಕ್ಕೆ ಆಮೇಲೆ ಬೇಕಾದಷ್ಟು ಸಾಕ್ಷ್ಯ ಸಿಕ್ಕಿತು. ಅಮೆರಿಕದ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಸರ್ಕಾರಿ ಸಂಸ್ಥೆ 2007ರಲ್ಲಿ ದೇಶದ ಇಂಥ ಕೇಂದ್ರಗಳನ್ನು ತಡಕಾಡಿ, ಧಾರ್ಮಿಕವೂ ಅಲ್ಲದವೂ ಎರಡೂ ಸೇರಿ, ಸಾವಿರಾರು ದೂರುಗಳಿವೆ ಎಂದು ವರದಿ ಮಾಡಿತು. ಹತ್ತು ಮಕ್ಕಳ ಸಾವನ್ನು ಒಂದೊಂದಾಗಿ ಬಿಡಿಸಿ ನೋಡಿತು. ನಿನ್ನ ಮಿಸೌರಿಯಲ್ಲೇ ಹುಡುಗಿಯರಿಗಾಗಿದ್ದ ಸರ್ಕಲ್ ಆಫ್ ಹೋಪ್ 2020ರಲ್ಲಿ ಮುಚ್ಚಿತು, ಹುಡುಗರ ಅಗಾಪೆ ಬೋರ್ಡಿಂಗ್ ಸ್ಕೂಲ್ 2023ರ ಜನವರಿಯಲ್ಲಿ. ಮುಚ್ಚಿಸಿದವರು ಯಾರು ಗೊತ್ತಾ? ಅಲ್ಲೇ ಇದ್ದು ಬಂದು ದೊಡ್ಡವರಾದ ಮಕ್ಕಳು. ಅವರು ಪತ್ರಿಕೆಯವರಿಗೆ ಹೇಳಿದರು, ಶಾಸಕರ ಮುಂದೆ ಕೂತು ಹೇಳಿದರು. ಮನೆಗೆ ಬರಲು ಸುಳ್ಳು ಹೇಳುತ್ತಾರೆ ಎನ್ನಿಸಿಕೊಂಡಿದ್ದವರ ಮಾತನ್ನು ಕೊನೆಗೂ ಯಾರೋ ನಂಬಿದರು. 2021ರಲ್ಲಿ ರಿಪಬ್ಲಿಕನ್ನರೊಬ್ಬರು, ಡೆಮಾಕ್ರಟರೊಬ್ಬರು ಕೂಡಿ ತಂದ ಮಸೂದೆ ಕಾನೂನಾಯಿತು. ಲೈಸೆನ್ಸ್ ಈಗಲೂ ಇಲ್ಲ. ಆದರೆ ಇಂಥ ಮನೆ ನಡೆಸುತ್ತಿದ್ದೇವೆ ಎಂದು ರಾಜ್ಯಕ್ಕೆ ತಿಳಿಸಬೇಕು, ಕೆಲಸಗಾರರ ಹಿನ್ನೆಲೆ ತಪಾಸಣೆ ಆಗಬೇಕು, ಅಪ್ಪ-ಅಮ್ಮ ಮುಂಚಿತವಾಗಿ ಹೇಳದೆ ಯಾವಾಗ ಬಂದರೂ ಮಗುವನ್ನು ನೋಡಲು ಬಿಡಬೇಕು. ಈ ಕೊನೆಯದನ್ನು ನೆನಪಿಟ್ಟುಕೊ, ಮುಂದೆ ಬೇಕಾಗುತ್ತದೆ. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೂ ಒಂದು ಕಾಯಿದೆ ಬಂತು. ಸದ್ಯಕ್ಕೆ ಅದು ಅಧ್ಯಯನ ನಡೆಸಿರಿ ಎನ್ನುವ ಮಟ್ಟದ್ದು.

ನಿನಗೆ ಇನ್ನೂ ಒಂದು ಸಂಗತಿ ಹೇಳಬೇಕು, ಅದು ನಡೆದದ್ದು ನಿನ್ನ ಮನೆಯಿಂದ ಎರಡು ಗಂಟೆ ಕಾರು ಓಡಿಸಿದರೆ ಸಿಗುವ ಕೊಲಂಬಿಯಾದಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಬೋರ್ಡಿನ್ ಮತ್ತು ಜೊತೆಗಾರರು ಪದೇ ಪದೇ ಕೋರ್ಟು ಹತ್ತಿದ 176 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ಮಾಮೂಲಿನಂತೆ ಒಬ್ಬೊಬ್ಬರಿಗೇ ಕೌನ್ಸೆಲಿಂಗ್. ಇನ್ನೊಂದು ಗುಂಪಿನವರ ಮನೆಗೆ ಚಿಕಿತ್ಸಕರೇ ಹೋದರು. ಅಪ್ಪ-ಅಮ್ಮ, ಶಾಲೆ, ಗೆಳೆಯರು, ಎಲ್ಲವನ್ನೂ ಹಿಡಿದು ಕೆಲಸ ಮಾಡಿದರು. ನಾಲ್ಕು ವರ್ಷದ ಮೇಲೆ ನೋಡಿದರೆ ಮೊದಲ ಗುಂಪಿನಲ್ಲಿ ನೂರಕ್ಕೆ 71 ಮಕ್ಕಳು ಮತ್ತೆ ಪೊಲೀಸರ ಕೈಗೆ ಸಿಕ್ಕಿದ್ದರು, ಎರಡನೆಯದರಲ್ಲಿ 26. ಇದು 1995ರಲ್ಲಿ ಅಚ್ಚಾದ ಅಧ್ಯಯನ. ಮನೆಯವರನ್ನು ಕೂರಿಸಿಕೊಂಡೇ ಮಾತಾಡಬೇಕು ಎಂದು ನಮಗೆ ಬಾಗಾಯಂನಲ್ಲಿ ಚಾಪೆಗಳ ನಡುವೆ ಹೊಳೆದದ್ದನ್ನು ಅವರು ಅಂಕಿಯಲ್ಲಿ ತೋರಿಸಿದರು.

ಹಾಗಾದರೆ ಕ್ರೈಸ್ತರು ಮಕ್ಕಳ ಮನೆಗಳನ್ನು ನಡೆಸಲೇಬಾರದೇ? ಹಾಗನ್ನಲು ನನ್ನ ಬಾಯಿ ಬರುವುದಿಲ್ಲ. ನೆಬ್ರಾಸ್ಕಾದ ಒಮಾಹಾದಲ್ಲಿ ಎಡ್ವರ್ಡ್ ಫ್ಲನಗನ್ ಎಂಬ ಐರಿಷ್ ಪಾದ್ರಿ 1917ರ ಡಿಸೆಂಬರಿನಲ್ಲಿ 90 ಡಾಲರು ಸಾಲ ಮಾಡಿ ಒಂದು ಮನೆ ಬಾಡಿಗೆಗೆ ಹಿಡಿದು, ಬೀದಿಯಿಂದಲೂ ಕೋರ್ಟಿನಿಂದಲೂ ಬಂದ ಕೆಲವೇ ಹುಡುಗರನ್ನು ಸೇರಿಸಿಕೊಂಡರು. ಅದೇ ಬಾಯ್ಸ್ ಟೌನ್ ಆಯಿತು. ಕರಿಯರು, ಬಿಳಿಯರು, ಯಾವ ಮತದವರು ಎಂದು ನೋಡಲಿಲ್ಲ. ಆ ಕಾಲದಲ್ಲಿ ಅದಕ್ಕೆ ಬೈಸಿಕೊಂಡರು. ಹುಡುಗರು ತಮ್ಮಲ್ಲೇ ಒಬ್ಬನನ್ನು ಮೇಯರ್ ಆಗಿ ಆರಿಸಿಕೊಳ್ಳುತ್ತಿದ್ದರು. 1938ರಲ್ಲಿ ಹಾಲಿವುಡ್ಡಿನವರು ಸಿನಿಮಾ ಮಾಡಿದರು, ಫ್ಲನಗನ್ ಪಾತ್ರ ಮಾಡಿದ ಸ್ಪೆನ್ಸರ್ ಟ್ರೇಸಿಗೆ ಆಸ್ಕರ್ ಬಂತು. ಆದರೆ ನನಗೆ ಅವರ ಮೇಲೆ ಗೌರವ ಸಿನಿಮಾದಿಂದ ಬಂದದ್ದಲ್ಲ. 1946ರಲ್ಲಿ ಅವರು ತಾಯ್ನಾಡು ಐರ್ಲೆಂಡಿಗೆ ಹೋದಾಗ ಹಾರ ತುರಾಯಿ ಹಿಡಿದು ಜನ ಕಾದಿದ್ದರು. ಅವರು ಹೋಗಿ ಅಲ್ಲಿಯ ಮಕ್ಕಳ ಬಂದೀಖಾನೆಗಳನ್ನೂ, ತಮ್ಮದೇ ಕೆಥೋಲಿಕ್ ಬ್ರದರುಗಳು ನಡೆಸುತ್ತಿದ್ದ ಕೈಗಾರಿಕಾ ಶಾಲೆಗಳನ್ನೂ ಎಲ್ಲರೆದುರು ಖಂಡಿಸಿದರು. ಮಕ್ಕಳನ್ನು ಹೊಡೆದು ತಿದ್ದಲಾಗದು ಎಂದರು. ಅಲ್ಲಿಯ ಮಂತ್ರಿಗಳು, ಈತ ಉತ್ಪ್ರೇಕ್ಷೆ ಮಾಡುತ್ತಾನೆ ಎಂದು ಮಾತು ತಳ್ಳಿಹಾಕಿದರು. 1948ರಲ್ಲಿ ಅವರು ತೀರಿಕೊಂಡರು. ಅವರ ಮಾತು ನಿಜವೆಂದು, ಆ ಶಾಲೆಗಳ ತನಿಖೆಗೆ ಕೂತ ರಯಾನ್ ಆಯೋಗದ ವರದಿ ಹೇಳಿದ್ದು 2009ರಲ್ಲಿ. ಅಷ್ಟರಲ್ಲಿ ಆ ಶಾಲೆಗಳ ಮಕ್ಕಳಿಗೆ ಮೊಮ್ಮಕ್ಕಳಾಗಿದ್ದರು.

ಅವರ ಬಾಯ್ಸ್ ಟೌನೂ ಎಪ್ಪತ್ತರ ದಶಕದಲ್ಲಿ ತನ್ನ ದೊಡ್ಡ ಡಾರ್ಮಿಟರಿಗಳನ್ನು ಬಿಟ್ಟು, ಒಂದೊಂದು ಮನೆಗೆ ಒಂದು ದಂಪತಿ, ಅವರ ಜೊತೆ ಆರೆಂಟು ಮಕ್ಕಳು ಎಂಬ ಪದ್ಧತಿಗೆ ಬಂತು. ನಮ್ಮ ಬೆಂಗಳೂರಿನಲ್ಲಿ ಸಲೇಷಿಯನ್ ಪಾದ್ರಿಗಳು 1980ರಲ್ಲಿ ಶುರುಮಾಡಿದ ಓಣಿಯವರ ಸೇವಾ ಕೂಟ, ಎಲ್ಲರ ಬಾಯಲ್ಲಿ ಬಾಸ್ಕೊ, ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಮಕ್ಕಳನ್ನು ಮಾತಾಡಿಸಿ ಕರೆದೊಯ್ಯುತ್ತದೆ, ಆಮೇಲೆ ಆ ಮಗುವಿನ ಮನೆ ಎಲ್ಲಿದೆ ಎಂದು ಹುಡುಕುತ್ತದೆ. ಇವರೂ ಯೇಸುವಿನ ಹೆಸರಲ್ಲೇ ಕೆಲಸ ಮಾಡುವವರು. ಹೆಸರಿನ ಮೇಲೆ ಹೋಗಬೇಡ. ಮನೆಯವರನ್ನು ಒಳಗೆ ಬಿಡುತ್ತಾರಾ, ಹೊರಗಿನವರು ಬಂದು ನೋಡಬಹುದಾ, ಇವೆರಡನ್ನು ನೋಡು.

ಕೆಲವು ಮಕ್ಕಳಿಗೆ ಮನೆ ಬಿಟ್ಟು ಸ್ವಲ್ಪ ದಿನ ಹೊರಗಿರುವುದು ಬೇಕಾಗುತ್ತದೆ, ಅದನ್ನೂ ಹೇಳಬೇಕು. ಜೀವ ಕಳೆದುಕೊಳ್ಳಲು ಹೊರಟ ಮಗು, ವ್ಯಸನದಿಂದ ಬಿಡುವಾಗ ಮೈ ಕಂಪಿಸುವ ಮಗು, ಮನೆಯಲ್ಲೇ ಯಾರೋ ಮೈಮುಟ್ಟಿ ಹಿಂಸಿಸುತ್ತಿರುವ ಮಗು. ನಿನ್ನ ಗೆಳತಿಯ ಪಾಡು ಅಷ್ಟರಮಟ್ಟಿಗೆ ಹೋಗಿತ್ತೋ ಏನೋ, ನೀನೂ ನಾನೂ ಇಲ್ಲಿ ಕೂತು ತೀರ್ಮಾನಿಸುವುದು ಬೇಡ. ಅವಳಿರುವ ಜಾಗ ಒಳ್ಳೆಯದೇ ಇರಬಹುದು. ತಿಳಿಯುವ ದಾರಿ ಇದೆ, ಅದಕ್ಕೆ ದೊಡ್ಡವರು ಬೇಕು. ನಿಮ್ಮವ್ವನನ್ನು ಅವರ ಮನೆಗೆ ಕಳಿಸು. ತಪ್ಪು ಹುಡುಕಲಿಕ್ಕೆ ಅಲ್ಲ. ಚಿತ್ರಾನ್ನವೋ ಕೇಕೋ ಏನಾದರೂ ಮಾಡಿಕೊಂಡು ಹೋಗಲಿ. ಆ ತಾಯಿ ಇಷ್ಟು ದಿನ ಯಾರ ಮುಂದೂ ಅತ್ತಿರಲಿಕ್ಕಿಲ್ಲ. ಅತ್ತು ಮುಗಿದ ಮೇಲೆ ಮೆಲ್ಲಗೆ ಕೇಳಲಿ. ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಬೇರೆಯವರು ಕೇಳಿಸಿಕೊಳ್ಳುತ್ತಾರಾ? ಅಲ್ಲಿ ರಾಜ್ಯದ ಲೈಸೆನ್ಸ್ ಇರುವ ಚಿಕಿತ್ಸಕರು ಇದ್ದಾರಾ, ಅಥವಾ ಬರೀ ಬೋಧಕರೇ? ಅವಳಿಗೆ ಮಾತ್ರೆ ಏನಾದರೂ ಕೊಡುತ್ತಿದ್ದರೆ ಅದನ್ನು ನಿಲ್ಲಿಸಿದ್ದಾರಾ, ಯಾರನ್ನು ಕೇಳಿ? ಅಪ್ಪ-ಅಮ್ಮನಿಗೆ ಪ್ರತಿ ವಾರ ಕೌನ್ಸೆಲಿಂಗ್ ಇದೆಯಾ? ಕೊನೆಗೆ, ಮುಂದಿನ ಶನಿವಾರ ಹೇಳದೆ ಕೇಳದೆ ಹೋಗಿ ಬರೋಣವಾ, ನಾನು ಕಾರು ಓಡಿಸುತ್ತೇನೆ. ಮಿಸೌರಿಯ ಕಾನೂನು ನಿಮ್ಮ ಪರವಾಗಿದೆ. ಕೇಂದ್ರದವರು ನಗುತ್ತ ಬಾಗಿಲು ತೆಗೆದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಈಗ ಬೇಡ, ಮಗಳ ಮನಸ್ಸು ಕೆಡುತ್ತದೆ ಎಂದು ಗೇಟಿನಲ್ಲೇ ತಡೆದರೆ ಅಪ್ಪ-ಅಮ್ಮ ಅಂದೇ ಅವಳನ್ನು ಕರೆದುಕೊಂಡು ಬರಲಿ.

ನೀನು ಕಾಗದ ಬರೆ. ಅದನ್ನು ಅಲ್ಲಿಯವರು ಒಡೆದು ಓದುತ್ತಾರೆ ಎಂದುಕೊಂಡೇ ಬರೆ. ಬಿಡಿಸಿಕೊಂಡು ಬರುತ್ತೇನೆ, ಓಡಿಬಾ ಎಂದೆಲ್ಲ ಬರೆದರೆ ಅವಳ ಕೈಗೆ ಕಾಗದವೇ ಸಿಗದು, ಮೇಲಾಗಿ ಅವಳ ಲೆವೆಲ್ ಇಳಿಸುತ್ತಾರೆ. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಫೋನು, ಸಂಗೀತ, ಮನೆಗೆ ಹೋಗುವ ರಜೆ ಎಲ್ಲವೂ ಮಗುವಿಗೆ ಕೊಟ್ಟ ಲೆವೆಲ್ಲಿನ ಮೇಲೆ ನಿಂತಿರುತ್ತದೆ. ಸಾದಾ ಸುದ್ದಿ ಬರೆ. ಕೆಮಿಸ್ಟ್ರಿ ಮೇಷ್ಟ್ರು ಗಡ್ಡ ಬಿಟ್ಟದ್ದು, ನಿಮ್ಮ ಬ್ಯಾಂಡಿನಲ್ಲಿ ಅವಳ ಕ್ಲಾರಿನೆಟ್ಟಿನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲದ್ದು. ಪ್ರತಿ ವಾರ ಬರೆ, ಉತ್ತರ ಬಾರದಿದ್ದರೂ. ಯಾರೋ ನೋಯಿಸುತ್ತಿದ್ದಾರೆ ಎನ್ನುವ ಸುಳಿವು ಅವಳ ಕಾಗದದಲ್ಲಿ ಸಿಕ್ಕರೆ ಅದನ್ನು ಜೋಪಾನವಾಗಿಟ್ಟು ಆ ದಿನವೇ ನಿಮ್ಮವ್ವನಿಗೆ ತೋರಿಸು. ಮಕ್ಕಳ ಮೇಲಿನ ದೌರ್ಜನ್ಯ ತಿಳಿಸಲು ನಿಮ್ಮ ರಾಜ್ಯದಲ್ಲಿ ಹಗಲೂ ರಾತ್ರಿ ನಡೆಯುವ ಸಹಾಯವಾಣಿ ಇದೆ. ನಿನಗೇ ರಾತ್ರಿ ಮನಸ್ಸು ಕುಸಿದರೆ 988ಕ್ಕೆ ಫೋನು ಮಾಡು. ಗೆಳತಿಯ ಚಿಂತೆಯಲ್ಲಿ ನಿನ್ನ ನಿದ್ದೆ ಕೆಟ್ಟಿದೆ ಎನ್ನುವುದು ನಿನ್ನ ಮೆಸೇಜು ಬಂದ ಹೊತ್ತಿನಿಂದಲೇ ನನಗೆ ತಿಳಿಯಿತು.

ಇನ್ನು ನಿಮ್ಮ ಯೌವನಸ್ಥರ ಕೂಟದ ಮಾತು. ನಿನ್ನ ಗೆಳತಿಯ ಸುದ್ದಿ ಅಲ್ಲಿ ಪ್ರಾರ್ಥನಾ ಕೋರಿಕೆಯ ರೂಪದಲ್ಲಿ ಬಂತಂತೆ, ಎಲ್ಲರೂ ತಲೆತಗ್ಗಿಸಿ ಕಣ್ಣು ಮುಚ್ಚಿ ವಿವರ ಕೇಳಿದರಂತೆ. ನಮ್ಮ ಸಭೆಯಲ್ಲೂ ಚಾಡಿ ಹೇಳಬೇಕಾದವರು ಪ್ರಾರ್ಥನೆ ಮಾಡಿಸುತ್ತಾರೆ, ಹೊಸದಲ್ಲ. ನೀನು ಹೋಗದಿದ್ದರೆ ದೇವರು ಮುನಿಯುವುದಿಲ್ಲ. ಆದರೆ ನೀನು ಅಲ್ಲಿದ್ದರೆ ಅವಳ ಪರವಾಗಿ ಒಬ್ಬಳಾದರೂ ಇರುತ್ತೀಯಲ್ಲ ಎಂದು ನನ್ನ ಲೆಕ್ಕ. ಅವಳು ಮರಳಿ ಬಂದಾಗ ಸಭಾಪಾಲಕರು ಅವಳನ್ನು ಮೈಕಿನ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಲು ನೋಡುತ್ತಾರೆ. ಮುಂಚೆ ಹೇಗಿದ್ದೆ, ಈಗ ಹೇಗಾದೆ ಎಂದು ಹದಿನಾರರ ಹುಡುಗಿ ತುಂಬಿದ ಸಭೆಯ ಎದುರು ಹೇಳಬೇಕು, ಎಲ್ಲರೂ ಸ್ತೋತ್ರ ಅನ್ನಬೇಕು. ಆ ದಿನ ಅವಳ ಪಕ್ಕ ಕೂತು, ಬೇಡವಾದರೆ ಹೇಳಬೇಡ ಎಂದು ಕಿವಿಯಲ್ಲಿ ಹೇಳುವವಳು ನೀನಾಗು. ಅವಳು ಆ ಜಾಗವನ್ನು ಹೊಗಳಿದರೂ ವಾದ ಮಾಡಬೇಡ, ಬೈದರೂ ಕೆದಕಬೇಡ. ಬದುಕಿ ಬರಲು ಏನು ಹೇಳಬೇಕಿತ್ತೋ ಅದನ್ನು ಕಲಿತು ಬಂದಿರುತ್ತಾಳೆ. ಸ್ವಂತ ಮಾತು ಮರಳಲು ಕಾಲ ಹಿಡಿಯುತ್ತದೆ.

ತಪ್ಪಿಹೋದ ಮಗನ ಸಾಮ್ಯ ನಿನಗೆ ಸಂಡೇ ಸ್ಕೂಲಿನಿಂದ ಗೊತ್ತು. ಆ ತಂದೆ ಮಗನನ್ನು ಹಿಡಿದು ತರಲು ಯಾರನ್ನೂ ಕಳಿಸಲಿಲ್ಲ, ದಾರಿ ನೋಡುತ್ತ ನಿಂತಿದ್ದ, ಕಂಡೊಡನೆ ಓಡಿದ. ಅಷ್ಟು ಎಲ್ಲರೂ ಬೋಧಿಸುತ್ತಾರೆ. ಔತಣ ಶುರುವಾದ ಮೇಲೆ ಹೊರಗೇ ನಿಂತ ಹಿರಿಯ ಮಗನ ಕಡೆ ಯಾರೂ ಹೆಚ್ಚು ಹೊತ್ತು ನೋಡುವುದಿಲ್ಲ. ಇಷ್ಟು ವರ್ಷ ಮಾತು ಕೇಳಿಕೊಂಡು ಮನೆಯಲ್ಲೇ ಇದ್ದವನು, ತನ್ನನ್ನು ಯಾರೂ ವಿಚಾರಿಸಲಿಲ್ಲ ಎಂದು ಕುದಿಯುತ್ತಿದ್ದವನು. ತಂದೆ ಔತಣ ಬಿಟ್ಟು ಅವನ ಹತ್ತಿರವೂ ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಕತೆ ಹೇಳುವುದಿಲ್ಲ.

ನಿನ್ನ ಗೆಳತಿಗೆ ಒಬ್ಬ ತಮ್ಮ ಇದ್ದಾನಲ್ಲ, ಆರನೇ ಕ್ಲಾಸಿನವನು? ಅಕ್ಕನನ್ನು ಕರೆದೊಯ್ಯುವಾಗ ಅವನೂ ಆ ಮನೆಯಲ್ಲೇ ಇದ್ದ. ಎಚ್ಚರವಾಗಿಯೇ ಇದ್ದ ಅಂತ ನೀನೇ ಬರೆದಿದ್ದೀ, ಒಂದೇ ಸಾಲಿನಲ್ಲಿ. ಅಂದಿನಿಂದ ಅವನು ತುಂಬ ಒಳ್ಳೆಯವನಾಗಿಬಿಟ್ಟಿದ್ದಾನಂತೆ, ಹೇಳುವ ಮೊದಲೇ ಪಾತ್ರೆ ತೊಳೆಯುತ್ತಾನಂತೆ. ವಾರ್ಡಿನಲ್ಲಿ ಇಂಥ ಒಳ್ಳೆಯ ತಮ್ಮಂದಿರನ್ನು ಕಂಡರೆ ನಾವು ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆವು. ನಿಮ್ಮವ್ವ ಅವರ ಮನೆಗೆ ಹೋದ ದಿನ ನೀನೂ ಹೋಗು. ದೊಡ್ಡವರು ಮಾತಾಡುತ್ತಿರಲಿ, ನೀನು ಅವನನ್ನು ಹೊರಗೆ ಕರೆದುಕೊಂಡು ಹೋಗಿ ಬಾಸ್ಕೆಟ್‌ಬಾಲ್ ಆಡು. ಅಕ್ಕನ ವಿಷಯ ನೀನಾಗಿ ಎತ್ತಬೇಡ, ಅವನು ಎತ್ತಿದರೆ ಆಟ ನಿಲ್ಲಿಸಿ ಕೇಳು. ರಾತ್ರಿ ಬಾಗಿಲು ಬಡಿದ ಸದ್ದಾದರೆ ಏನು ಮಾಡಬೇಕು ಎಂದು ಅವನು ಕೇಳಬಹುದು, ಆಗ ನಿನ್ನ ಫೋನ್ ನಂಬರು ಬರೆದುಕೊಡು.

ನನಗೆ ಬೆಳಗಿನ ಐದೂವರೆಗೆ ಎಚ್ಚರವಾಗುತ್ತದೆ, ಆಗ ನಿಮಗೆ ಬೇಸಿಗೆಯಲ್ಲಿ ಸಂಜೆ ಏಳು. ಅವನ ಜೊತೆ ಆಡಿ ಬಂದ ದಿನ ಫೋನು ಮಾಡು.

ನಿನ್ನ ಪ್ರೀತಿಯ
ಅಜ್ಜಿ